ದಿನಕ್ಕೊಂದು ಸೋಲು

ಅಂದು ಬೆಳಿಗ್ಗೆ ಗಾಳಿ ಎಷ್ಟು ಜೋರಾಗಿತ್ತೆಂದರೆ, ನಾನು ಅಂಗಳದಲ್ಲಿ ಹಾಕುತ್ತಿದ್ದ ರಂಗೋಲಿ ಮುಗಿಯುವ ಮೊದಲೇ ಪಕ್ಕದ ಮನೆಯ ಅಂಗಳಕ್ಕೆ ಹೊರಟುಹೋಯಿತು. ಮೋಡವಿತ್ತು, ಮಳೆಯಿರಲಿಲ್ಲ. ಆಷಾಢದ ಮೋಡಗಳು ಸಂತೆಗೆ ತಡವಾದವರಂತೆ ನಮ್ಮ ಕಡೆ ತಿರುಗಿಯೂ ನೋಡದೆ ಓಡುತ್ತಿದ್ದವು. ಮನೆಯಿಂದ ಮೊದಲು ಹೊರಟದ್ದು ರಂಗೋಲಿ, ಅದರ ಹಿಂದೆ ನಾವು. ಒಂದು ಟ್ರಂಕು, ಯಜಮಾನರ ತೂಕದ ಕಲ್ಲುಗಳ ಚೀಲ, ಮತ್ತು ನನ್ನ ಕಂಕುಳಲ್ಲಿ ಜಗಲಿಯ ದೇವರ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಹಿತ್ತಾಳೆಯ ನಂದಿ, ಒಂದು ದೀಪ, ಒಂದು ಗಂಟೆ. ನನ್ನ ಆಸ್ತಿ ಅಷ್ಟೇ.

ನನ್ನ ಯಜಮಾನರು ಗುರುಪಾದಪ್ಪ, ತಕ್ಕಡಿ ರಿಪೇರಿ ಮಾಡುವವರು. ಯಾವ ತಕ್ಕಡಿ ಯಾವ ಕಡೆ ವಾಲುತ್ತದೆಂದು ದೂರದಿಂದಲೇ ಹೇಳಬಲ್ಲರು. ಆ ಕಸುಬಿನ ಕಾರಣವೋ ಏನೋ, ತಮ್ಮ ಮಾತೂ ಎಂದೂ ವಾಲುವುದಿಲ್ಲ ಎಂದು ಅವರಿಗೊಂದು ನಂಬಿಕೆ. ಅವರ ಅಣ್ಣ ಮಲಕಾಜಪ್ಪನವರಿಗೆ ಯಾವ ಕಸುಬಿನ ಕಾರಣವೂ ಇಲ್ಲದೆ ಅದೇ ನಂಬಿಕೆ. ಆ ವರ್ಷ ಭಾವನವರ ಇಬ್ಬರು ಗಂಡುಮಕ್ಕಳಿಗೂ ಒಂದೇ ಚಪ್ಪರದಲ್ಲಿ ಮದುವೆಯಾಯಿತು. ಮನೆಯಲ್ಲಿದ್ದದ್ದು ಮೂರು ಕೋಣೆ. ನಮಗೆ ಮಕ್ಕಳಿಲ್ಲ, ಹಾಗಾಗಿ ನಮ್ಮ ಹಾಸಿಗೆ ಜೋಳದ ಕಣಜದ ಹಿಂದಕ್ಕೆ ಹೋಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಕಣಜದ ಹಿಂದೆಯೂ ಶಿವ ಇದ್ದಾನೆ ಎಂದು ನಾನು ಇದ್ದುಬಿಡುತ್ತಿದ್ದೆ. ನಮ್ಮನ್ನು ಹೊರಡಿಸಿದ್ದು ಅಗಳಿ.

ಅಗಳಿ ಎಂದರೆ ನಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ಹಾಕುವ ಮರದ ಪಟ್ಟಿ. ಇಪ್ಪತ್ತೆರಡು ವರ್ಷದ ಹಿಂದೆ, ನಾನು ಆ ಮನೆಗೆ ಸೊಸೆಯಾಗಿ ಬಂದ ನಾಲ್ಕನೆಯ ತಿಂಗಳು, ಒಂದು ಸಂಜೆ ಯಾರೋ ಆ ಅಗಳಿ ಹಾಕಲಿಲ್ಲ. ಮಾವನವರು ಮಗಳಂತೆ ಸಾಕಿದ್ದ ಚಂದ್ರಿ ಎಂಬ ಎಮ್ಮೆ ಹೊರಗೆ ಹೋಯಿತು, ಮತ್ತೆ ಬರಲಿಲ್ಲ. ಮಾವನವರು ಅಳಲಿಲ್ಲ, ಬೈಯಲಿಲ್ಲ. ಮಾರನೆಯ ದಿನ ಚಹಾ ಕೊಟ್ಟಾಗ "ನನಗ ಹಾಲು ಬ್ಯಾಡ" ಎಂದರು. ಸಾಯುವವರೆಗೂ ಕರೀ ಚಹಾವನ್ನೇ ಕುಡಿದರು. ಆ ಕರೀ ಚಹಾದ ಲೋಟ ಕಂಡಾಗಲೆಲ್ಲ ಅಣ್ಣ ತಮ್ಮನನ್ನು ನೋಡುವರು, ತಮ್ಮ ಅಣ್ಣನನ್ನು ನೋಡುವರು.

"ಅಗಳಿ ಹಾಕದ ಬಂದಾಂವ ನೀ."

"ನೀನ. ನಾ ಅವತ್ತ ಹಿತ್ತಲಕ್ಕ ಕಾಲ ಇಟ್ಟಿಲ್ಲ," ಎನ್ನುವರು ಯಜಮಾನರು.

ಮಾವನವರು ಹೋದರು, ಲೋಟ ಹೋಯಿತು, ಮಾತು ಮಾತ್ರ ಉಳಿಯಿತು. ಹಬ್ಬದ ಹೋಳಿಗೆ ಬಡಿಸುವಾಗಲೂ ಅದೇ. ನಾನು ನಡುವೆ ಬಾಯಿ ಹಾಕುತ್ತಿರಲಿಲ್ಲ. ಮೊದಲು ಹೊಸ ಸೊಸೆ ಎಂದು, ಆಮೇಲೆ ಹಳೆಯ ಸೊಸೆ ಎಂದು.

ನಾವು ಹೊರಟ ಆ ಗಾಳಿಯ ಬೆಳಿಗ್ಗೆ ಭಾವನವರು ಕಟ್ಟೆಯ ಮೇಲೆ ಕೂತಿದ್ದರು. ಅವರ ಕಣ್ಣು ಕೆಂಪಾಗಿತ್ತು, ಗಾಳಿಯ ಧೂಳಿಗೇ ಇರಬೇಕು. ನಾವು ನಾಲ್ಕು ಹೆಜ್ಜೆ ನಡೆದ ಮೇಲೆ ಕೂಗಿದರು: "ಹೋಗೂ ಮುಂದರ ಅಗಳಿ ಹಾಕ್ಕೊಂಡು ಹೋಗೋ!"

ಯಜಮಾನರು ತಿರುಗಿ ನೋಡಲಿಲ್ಲ. "ಬಾಳವ್ವಾ, ನಡಿ," ಎಂದರು ನನಗೆ.

ಎಲ್ಲಿಗೆ ಎಂದು ಗೊತ್ತಿದ್ದರಲ್ಲವೇ ನಡೆಯುವುದು? ತಕ್ಕಡಿ ರಿಪೇರಿಯವನ ಕೈಗೆ ಎಟುಕುವ ಊರು ಹುಡುಕಬೇಕಿತ್ತು. ಮೊದಲು ಹೋದ ಊರಿನಲ್ಲಿ ಒಂದು ಕೋಣೆ ತೋರಿಸಿದರು. ಕಾಲು ಚಾಚಿದರೆ ತಲೆ ಪಕ್ಕದ ಮನೆಗೆ ಹೋಗುವಂತಿತ್ತು, ಬಾಡಿಗೆ ಮಾತ್ರ ಅರಮನೆಯದು. ಎರಡನೆಯ ಊರಿನಲ್ಲಿ ಬಾಡಿಗೆ ಕೈಗೆಟುಕುವಂತಿತ್ತು. ಆದರೆ ಮನೆಯ ಧಣಿ ನನ್ನ ಪೆಟ್ಟಿಗೆ ನೋಡಿ, "ಗಂಟಿ ಬಾರಿಸೂದು, ದೀಪ ಹಚ್ಚೂದು ನಡಿಯೂದಿಲ್ಲ. ಗ್ವಾಡಿ ಕರ್ರಗಾಗತಾವ" ಎಂದ. ಯಜಮಾನರು ನನ್ನ ಮುಖ ನೋಡಿದರು. ನಾನು ಪೆಟ್ಟಿಗೆಯ ಮೇಲೆ ಸೆರಗು ಎಳೆದುಕೊಂಡೆ. "ನಡಿ, ಇದೂ ತುಟ್ಟಿ," ಎಂದರು. ಆ ಮಾತಿಗೆ ನಾನು ಇಂದಿಗೂ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೂರನೆಯ ಊರಿಗೆ ಮುಟ್ಟಿದಾಗ ಮಧ್ಯಾಹ್ನ. ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಹೆಸರು ಫಕೀರವ್ವ, ಊರಿಗೆಲ್ಲ ಆಯಿ. ಹಿಂಬದಿಯ ಅರ್ಧ ಮನೆ ಖಾಲಿ ಇದೆ ಎಂದಳು. ಎರಡು ಕೋಣೆ, ಅಡುಗೆಮನೆ, ಮೂಡಣ ಗೋಡೆಗೆ ದೇವರನ್ನಿಡುವ ಒಂದು ಜಗಲಿ. ಆ ಜಗಲಿ ನೋಡಿ ನನ್ನ ಕಾಲು ಅಲ್ಲೇ ನಿಂತಿತು.

"ಬಾಡಗಿ ಎಷ್ಟ್ರಿ ಆಯಿ?" ಯಜಮಾನರು ಕೇಳಿದರು.

"ಈ ಊರಾಗ ಎಲ್ಲಾ ಮನಿಗೂ ಒಂದ ದರ, ತಮ್ಮಾ. ದಿನಕ್ಕೊಂದು ಸೋಲು."

"ಏನಂದ್ರಿ?"

"ಸೋಲು. ದಿನಾ ಯಾವದರ ಒಂದು ಮಾತಿನ್ಯಾಗ ನೀ ಸೋಲಬೇಕು. ನೀ ಹೇಳಿದ್ದ ಖರೆ, ನಂದು ತಪ್ಪು ಅಂತ ಮನಸಿನಿಂದ ಒಪ್ಪಬೇಕು. ಯಾರ ಮುಂದರ ಒಪ್ಪು. ಒಪ್ಪಿದಿ, ಬಾಡಗಿ ಮುಟ್ಟಿತು."

"ರೊಕ್ಕ?"

"ರೊಕ್ಕ ತಗೊಂಡು ನಾ ಏನ ಮಾಡ್ಲಿ? ಬಾಗಲದ ಮ್ಯಾಲಿನ ಪಟ್ಟಿಗೆ ಕೈ ಹಚ್ಚಿ ಹೂಂ ಅನ್ನು, ಇವತ್ತಿಂದ ಮನಿ ನಿಂದು."

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ಮದುವೆಯಲ್ಲಿ ನಗದಷ್ಟು ನಕ್ಕರು. "ಬಾಳವ್ವಾ, ಇಷ್ಟು ಸೋವಿ ಊರು ಭೂಮಿ ಮ್ಯಾಲ ಇಲ್ಲ ನೋಡು!"

ನನಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಇಷ್ಟು ತುಟ್ಟಿಯ ಊರು ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ನನಗೆ ತಿಳಿಯದೆ? ಆದರೆ ಅವರು ಆಗಲೇ ಪಟ್ಟಿಗೆ ಕೈ ಹಚ್ಚಿ ಹೂಂ ಅಂದಿದ್ದರು.

ಬಾಡಿಗೆ ಮುಟ್ಟದ ದಿನ ಏನಾಗುತ್ತದೆಂದು ಅಂದು ಸಂಜೆಯೇ ತಿಳಿಯಿತು. ಹೊತ್ತು ಮುಳುಗುತ್ತಲೇ ಬಾಗಿಲಿನ ಮೇಲಿನ ಪಟ್ಟಿ ಕಿರ್ರೆಂದು ನಾಲ್ಕು ಬೆರಳು ಕೆಳಗಿಳಿಯಿತು. ಗೋಡೆಯೂ ಅದರೊಂದಿಗೆ ಇಳಿದು ಏನೂ ಆಗದಂತೆ ಕೂತಿತು. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು, ಕಿಟಕಿ ಇದ್ದದ್ದು ಬೆಕ್ಕು ತೂರುವಷ್ಟು. "ಪಟ್ಟಿ ಹೊಸ್ತಿಲ ಮುಟ್ಟೂ ತನಕ ಇರಬಹುದು. ಮುಟ್ಟೂ ದಿನ ಸಾಮಾನು ತಗೊಂಡು ಹೊಂಡಬೇಕು," ಎಂದಳು ಆಯಿ, ಹುಣಸೆಬೀಜ ಎಣಿಸುವಷ್ಟೇ ಶಾಂತವಾಗಿ.

ಮಾರನೆಯ ದಿನ ನೀರಿಗೆ ಹೋದಾಗ ಊರನ್ನು ಸರಿಯಾಗಿ ನೋಡಿದೆ. ಒಂದೊಂದು ಮನೆಯ ಬಾಗಿಲು ಒಂದೊಂದು ಎತ್ತರ. ಯಾರ ಬಾಡಿಗೆ ಬಾಕಿ ಇದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಹಣೆಯ ಬುಗುಟು ಹೇಳುತ್ತಿತ್ತು. ಜಾಣ ಹೆಂಗಸರು ಪಟ್ಟಿಗೆ ಹಳೆಯ ಕೌದಿ ಸುತ್ತಿದ್ದರು. ಹೆಣ್ಣು ಕೊಡುವವರು ವರನನ್ನು ನೋಡುವ ಮೊದಲು ಅವನ ಮನೆಯ ಬಾಗಿಲು ನೋಡುತ್ತಿದ್ದರಂತೆ. ನಿವೃತ್ತ ಮಾಸ್ತರರೊಬ್ಬರು ಎಂಟು ದಿನದಿಂದ ಅಂಬೆಗಾಲಿಟ್ಟು ಮನೆಯೊಳಗೆ ಹೋಗುತ್ತಿದ್ದರು. ಅವರ ಹೆಂಡತಿ ಎದುರು ಕಟ್ಟೆಯಲ್ಲಿ ಕೂತು, "ಇವತ್ತರ ಸೋಲ್ರೀ, ನಿಮ್ಮ ಕಾಲ ಬೀಳತೇನಿ. ದೋತರದ ಮಣಕಾಲ ಹರದಾವ," ಎನ್ನುತ್ತಿದ್ದಳು. ಬಜಾರದಲ್ಲಿ ಹೊತ್ತು ಇಳಿಯುತ್ತಿದ್ದಂತೆ ಜನರಿಗೆ ಗಡಿಬಿಡಿ. ಬಾಡಿಗೆ ಇನ್ನೂ ಮುಟ್ಟಿಸದವರು ಅವರಿವರನ್ನು ತಡೆದು ನಿಲ್ಲಿಸಿ, "ನಿಲ್ರಿ, ಏನರ ಒಂದು ವಾದ ಮಾಡ್ರಿ" ಎಂದು ಅಂಗಲಾಚುತ್ತಿದ್ದರು.

ಯಜಮಾನರು ಮೊದಲು ಉಪಾಯ ಮಾಡಿದರು. ಆಯಿಯ ಮುಂದೆ ನಿಂತು, "ಕಾಗಿ ಬೆಳ್ಳಗಿರತಾವ," ಎಂದರು.

"ಕರ್ರಗಿರತಾವ."

"ಹೌದ್ರಿ, ನೀವು ಹೇಳಿದ್ದ ಖರೆ, ನಾ ಸೋತೆ."

ಸಂಜೆ ಪಟ್ಟಿ ನಾಲ್ಕು ಬೆರಳು ಇಳಿಯಿತು. "ಬೆಳ್ಳಗದಾವ ಅಂತ ನೀ ಯಾವಾಗ ನಂಬಿದ್ದಿ, ಸೋಲಾಕ?" ಎಂದಳು ಆಯಿ.

ಯಜಮಾನರ ಬದಲು ನಾನು ಬಾಡಿಗೆ ಕಟ್ಟುತ್ತೇನೆ ಎಂದು ಆಯಿಯನ್ನು ಕೇಳಿದೆ. ನಾನು ದಿನಕ್ಕೆ ಹತ್ತು ಸಲ ಸೋಲುವವಳು. ಮೊಸರಿನವಳಿಗೆ ಸೋಲುತ್ತೇನೆ, ಒಲೆಗೆ ಸೋಲುತ್ತೇನೆ. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು. "ಪಟ್ಟಿಗೆ ಕೈ ಹಚ್ಚಿದಾಂವ ಅಂವ. ಮತ್ತ ನಿಂದು ಬಾಯಿ ಮುಚ್ಚಿಕೊಂಡು ಇರೂದು. ಅದು ಬಾಡಗಿ ಅಲ್ಲ ತಂಗಿ, ಅದು ಚಟ."

ಐದನೆಯ ದಿನ ಯಜಮಾನರ ಕಣ್ಣು ಆಯಿಯ ಹುಣಸೆಹಣ್ಣಿನ ತಕ್ಕಡಿಯ ಮೇಲೆ ಬಿತ್ತು. "ಆಯಿ, ಇದು ಎಡಕ್ಕ ಒಂದು ಬೀಜದಷ್ಟು ವಾಲತೈತಿ."

"ನಲವತ್ತ ವರ್ಷದಿಂದ ಸರಿ ಐತಿ."

ನನಗೆ ಖುಷಿಯಾಯಿತು. ದೇವರೇ ಸೋಲನ್ನು ಕಟ್ಟೆಯ ಮೇಲೆ ತಂದಿಟ್ಟಿದ್ದಾನೆ. "ಇರಲಿ ಬಿಡ್ರಿ, ಅವರದ ಸರಿ ಅನ್ರಿ," ಎಂದು ಸೆರಗಿನ ಮರೆಯಲ್ಲಿ ಪಿಸುಗುಟ್ಟಿದೆ. ಅವರು ಚೀಲದಿಂದ ತೂಕದ ಕಲ್ಲು ತೆಗೆದರು, ದಾರ ಕಟ್ಟಿದರು, ತಕ್ಕಡಿಯ ಎರಡು ಪರಡಿ ಅದಲುಬದಲು ಮಾಡಿದರು. ತಾಸು ಹೊತ್ತಿನಲ್ಲಿ ಒಂದು ಬೀಜದಷ್ಟು ವಾಲುವುದನ್ನು ಓಣಿಗೆಲ್ಲ ತೋರಿಸಿದರು. ಅಷ್ಟೇ ಅಲ್ಲ, ಸರಿ ಮಾಡಿಯೂ ಕೊಟ್ಟರು.

"ನೀ ಗೆದ್ದಿ, ತಮ್ಮಾ," ಎಂದಳು ಆಯಿ. ಆ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಮರುಕ. ಆ ದಿನ ಆಯಿಯ ಬಾಗಿಲು ಎರಡು ಬೆರಳು ಎತ್ತರವಾಯಿತು, ನಮ್ಮದು ನಾಲ್ಕು ಬೆರಳು ಇಳಿಯಿತು. ಗೆದ್ದವರು ಎದೆಯುಬ್ಬಿಸಿ ಒಳಗೆ ಹೋಗುವಾಗ ಹಣೆ ಠಪ್ಪೆಂದಿತು.

ಹನ್ನೆರಡನೆಯ ದಿನಕ್ಕೆ ನಾವೂ ಅಂಬೆಗಾಲಿಗೆ ಬಂದೆವು. ಕೊಡ ತಲೆಯ ಮೇಲಿಂದ ಸೊಂಟಕ್ಕೆ, ಸೊಂಟದಿಂದ ನೆಲಕ್ಕೆ ಬಂತು. ಜಗಲಿಗೆ ಸಂಜೆಯ ಬಿಸಿಲು ಬರುವುದು ನಿಂತಿತು. ನಾನು ನಂದಿಯ ಮುಂದೆ ಕೂತು, "ನನ್ನಪ್ಪಾ, ನನ್ನ ಗಂಡನ್ನ ಒಂದ ಸಲ ಸೋಲಿಸು, ಐದು ಕಾಯಿ ಒಡಸ್ತೇನಿ" ಎಂದು ಹರಕೆ ಹೊತ್ತೆ. ಇಂಥ ಹರಕೆಯನ್ನು ನಂದಿ ಅದುವರೆಗೆ ಯಾವ ಹೆಂಡತಿಯಿಂದಲೂ ಕೇಳಿರಲಿಕ್ಕಿಲ್ಲ. ನಂದಿ ಕಣ್ಣರಳಿಸಿ ನನ್ನನ್ನೇ ನೋಡಿತು. ಎಷ್ಟು ಹೊತ್ತು ನೋಡಿತೆಂದರೆ, ನಾನೇ ಮುಖ ತಿರುಗಿಸಿದೆ.

ಇಪ್ಪತ್ತೊಂದನೆಯ ದಿನ ಬಾಗಿಲು ಒಂದು ಗೇಣು ಉಳಿದಿತ್ತು. ನಾನು ತೆಳ್ಳಗಿನವಳು, ಬೆಳಿಗ್ಗೆ ಹೇಗೋ ತೆವಳಿ ಹೊರಗೆ ಬಂದೆ. ಯಜಮಾನರ ಹೊಟ್ಟೆ ಬರಲಿಲ್ಲ. ಒಳಗೇ ಉಳಿದರು. ರೊಟ್ಟಿಯ ತಾಟು ಸಂದಿಯಲ್ಲಿ ತೂರಿತು, ನೀರಿನ ಕೊಡ ತೂರಲಿಲ್ಲ. ಕೊನೆಗೆ ಚಂಬಿನಲ್ಲಿ ನೀರು ಕೊಟ್ಟೆ. ಜನ್ಮದಲ್ಲಿ ಮೊದಲ ಸಲ ಅವರು ದೇವರ ದೀಪ ಹಚ್ಚಿದರು. ಹೊರಗಿನಿಂದ ನಾನು "ಮೊದಲ ಬತ್ತಿ ಎಣ್ಣಿಯೊಳಗ ಅದ್ದ್ರಿ" ಎಂದರೆ, "ಗೊತ್ತೈತಿ" ಎನ್ನುತ್ತಿದ್ದರು. ಹತ್ತು ಕಡ್ಡಿ ಗೀರಿದ ಸದ್ದು ಕೇಳಿಸಿತು.

ಮಧ್ಯಾಹ್ನ ಆಯಿ ಚಾಪೆ ತಂದು ನಮ್ಮ ಹೊಸ್ತಿಲ ಹೊರಗೆ ಹಾಸಿ, ಕಿವಿಯನ್ನು ಸಂದಿಯ ಕಡೆ ಇಟ್ಟು ಮಲಗಿದಳು. ಒಳಗೆ ಯಜಮಾನರೂ ನೆಲಕ್ಕೆ ಮಲಗಿರಬೇಕು. ಒಳಗಿನ ಕತ್ತಲೆಯಲ್ಲಿ ಅವರ ಮೂಗಿನ ತುದಿ ಮಾತ್ರ ಕಾಣುತ್ತಿತ್ತು.

"ತಮ್ಮಾ, ಇನ್ನೊಂದೆರಡ ದಿನಾ. ಎಲ್ಲಿಗೆ ಹೋಗತೀರಿ?"

"ಎಲ್ಲಿಗರ. ಅಣ್ಣನ ಮನಿಗೆ ಮಾತ್ರ ಹೋಗಂಗಿಲ್ಲ."

"ಯಾಕ?"

ಹಾಗೆ ಅಗಳಿಯ ಕತೆ ಶುರುವಾಯಿತು. ತಾವೇ ಸರಿ ಎಂದು ಆಯಿಗೆ ತೋರಿಸಲೇಬೇಕು ಎಂದು ಅವರು ಅಂದಿನ ದಿನವನ್ನು ತಕ್ಕಡಿಯ ಹಾಗೆ ಬಿಚ್ಚಿ ಒಂದೊಂದೇ ಭಾಗ ಇಡತೊಡಗಿದರು. ಬೆಳಿಗ್ಗೆ ಎಲ್ಲಿಗೆ ಹೋಗಿದ್ದರು, ಯಾರ ತಕ್ಕಡಿ, ಎಷ್ಟು ಹೊತ್ತಿಗೆ ಬಂದರು. "ಸಂಜಿ ಮುಂದ ಮೇವಿನ ಹೊರಿ ತಂದೆ. ಅಣ್ಣ ಹಿತ್ತಲದಾಗ…"

"ಹೊರಿ ಎಲ್ಲೆ ಇಳಿಸಿದಿ?"

ಮೂಗಿನ ತುದಿ ಸಂದಿಯಿಂದ ಹಿಂದಕ್ಕೆ ಸರಿಯಿತು.

"ಹಿತ್ತಲದಾಗ ಕಾಲ ಇಟ್ಟಿಲ್ಲ ಅಂದಿ. ಮೇವು ಎಮ್ಮಿಗಲ್ಲೇನು?"

ಆಯಿಯ ಕೋಳಿಯೊಂದು ಚಾಪೆಯ ಮೇಲೆ ಬಂದು ಹೋಯಿತು. ಆಮೇಲೆ ಮೂಗಿನ ತುದಿ ಮತ್ತೆ ಸಂದಿಗೆ ಬಂತು. "ಎರಡೂ ಕೈಯಾಗ ಹೊರಿ ಇತ್ತು, ಆಯಿ. ಮೊಣಕೈಲೆ ಅಗಳಿ ದೂಡಿದ್ದೆ… ದೂಡಿದ್ನೋ ಇಲ್ಲೋ. ನೆನಪಿಲ್ಲ. ಇಪ್ಪತ್ತೆರಡು ವರ್ಷ ನೆನಪೈತಿ ಅಂತ ಜಗಳಾಡೇನಿ." ಅವರ ಉಸಿರಿಗೆ ಹೊಸ್ತಿಲ ಧೂಳು ಹಾರಿತು. "ನಾನ ಇರಬೇಕು. ಅಣ್ಣ ಹೇಳಿದ್ದ ಖರೆ."

ಇಡೀ ಮನೆ ಗುಡುಗಿತು. ಪಟ್ಟಿ ಗೋಡೆ ಸಮೇತ ಮೇಲಕ್ಕೆ ಎದ್ದಿತು. ಮೊಣಕಾಲು, ಸೊಂಟ, ತಲೆ ದಾಟಿ, ನಾವು ಬಂದ ದಿನಕ್ಕಿಂತ ಎರಡು ಬೆರಳು ಎತ್ತರಕ್ಕೆ ಹೋಗಿ ನಿಂತಿತು. ಓಣಿಯ ಜನ ಓಡಿ ಬಂದರು. ಮಾಸ್ತರರ ಹೆಂಡತಿ ಗಂಡನನ್ನು ಎಳೆತಂದು, "ನೋಡ್ರಿ, ಮಂದಿ ಹೆಂಗ ಸೋಲತಾರ," ಎಂದಳು. ಒಳಗೆ ಹೊಸ್ತಿಲ ಬಳಿ ನನ್ನ ಗಂಡ ನೆಲದ ಮೇಲೆ ಹಾಗೇ ಬೋರಲು ಬಿದ್ದಿದ್ದರು, ಮೈತುಂಬ ಸಂಜೆಯ ಬಿಸಿಲು.

ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಅವರ ಮುಖ ನೋಡದೆ ಅಡುಗೆಮನೆಗೆ ಹೋದೆ. ನಾನು ಒಲೆ ಹೊತ್ತಿಸಿ ಚಹಾ ಮಾಡಿ ತಂದೆ. ಅವರು ಲೋಟ ನೋಡಿ ಮೆಲ್ಲಗೆ ಅಂದರು:

"ನನಗ ಹಾಲು ಬ್ಯಾಡ."

ಅಂದಿನಿಂದ ನಮ್ಮ ಬಾಗಿಲಿಗೆ ಕಷ್ಟವಿರಲಿಲ್ಲ. ದೊಡ್ಡದು ಸೋತವರಿಗೆ ಚಿಕ್ಕದು ಏನು? ಸಾರಿಗೆ ಉಪ್ಪು ಕಡಿಮೆಯಾಯಿತೋ ಹೆಚ್ಚಾಯಿತೋ ಎನ್ನುವುದರಲ್ಲಿ ಅವರು ದಿನಾ ಸೋತು ಬೇಗ ಊಟ ಮುಗಿಸುತ್ತಿದ್ದರು. ಕಷ್ಟವಿದ್ದದ್ದು ನನಗೆ. ದಿನಕ್ಕೆ ಎರಡು ಸಲ ಕರೀ ಚಹಾ ಮಾಡಿ ಕೊಡಬೇಕು, ಅವರು ಮಾವನವರ ಹಾಗೇ ಊದಿ ಊದಿ ಕುಡಿಯುವುದನ್ನು ನೋಡಬೇಕು. ಐದು ಕಾಯಿ ಒಡೆಸಿದೆ. ನಂದಿ ಹಾಗೇ ನೋಡುತ್ತಿತ್ತು.

ಅಣ್ಣನಿಗೆ ಅವರು ಒಂದು ಕಾರ್ಡು ಬರೆದಿದ್ದರು. ಇದ್ದದ್ದು ಒಂದೇ ಸಾಲು: "ಅಗಳಿ ಹಾಕದೆ ಬಂದವನು ನಾನೇ." ಎಂಟನೆಯ ದಿನ ಸಂಜೆಯ ಹೊತ್ತಿಗೆ ಭಾವನವರೇ ಬಂದರು. ಎತ್ತರದ ಆಳು, ತಲೆಗೆ ದೊಡ್ಡ ಪಟಗಾ, ಕೈಯಲ್ಲಿ ಹೊಸ ಸೊಸೆಯರು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಗಂಟು. ಬಾಗಿಲಲ್ಲಿ ಬಗ್ಗದೆ ಒಳಗೆ ಬಂದು ಕೂತರು. ನಾನು ಎರಡು ಲೋಟ ಮುಂದಿಟ್ಟೆ, ತಮ್ಮನಿಗೆ ಕರೀ ಚಹಾ, ಅಣ್ಣನಿಗೆ ಹಾಲು ಹಾಕಬೇಕೆಂದು ಪಾತ್ರೆ ಎತ್ತಿದೆ.

"ಬ್ಯಾಡವಾ. ನಿನ್ನ ಗಂಡನ ಕಾರ್ಡ ಬಂದಾಗಿಂದ ನಾನೂ ಬಿಟ್ಟೇನಿ," ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಗುರುಪಾದಾ, ನಿನ್ನ ಕಾರ್ಡ ಓದಿ ರಾತ್ರಿಯೆಲ್ಲಾ ವಿಚಾರ ಮಾಡಿದೆ. ಅವತ್ತ ಚಂದ್ರೀನ ಒಳಗ ಕಟ್ಟಿದಾಂವ ನಾನ. ಅಗಳಿ ನಂದು."

"ನಿಂದ್ಹೆಂಗ? ನಾ ಆಮ್ಯಾಲೆ ಮೇವು ತಂದಿಲ್ಲೇನು? ನಂದು."

"ಹಿರಿಯಾಂವ ನಾ ಹೇಳಾಕತ್ತೇನಿ. ನಂದು!"

"ಹಿರಿಯಾಂವ ಆದ್ರ ಮಂದಿ ತಪ್ಪು ಕಸಗೋತಿ ಏನು? ನಂದು ಅಂದ್ರ ನಂದು!"

ದನಿ ಏರಿತು. ಇಪ್ಪತ್ತೆರಡು ವರ್ಷ ಹೇಗೆ ಜಗಳವಾಡಿದ್ದರೋ ಹಾಗೇ, ಅದೇ ಮುಖ, ಅದೇ ಬೆರಳು, ಮಾತಷ್ಟೇ ಅದಲುಬದಲು. ಭಾವನವರು ಕೊನೆಗೆ ಹೋಳಿಗೆಯ ಗಂಟನ್ನು ತಿರುಗಿ ಎತ್ತಿಕೊಂಡು, "ನಿನ್ನ ಕೂಡ ಮಾತಾಡೂದ ತಪ್ಪು!" ಎಂದು ಎದ್ದು ಬಾಗಿಲಿಗೆ ನಡೆದರು. ಸರಿಯಾಗಿ ಆಗಲೇ ಹೊತ್ತು ಮುಳುಗಿತು. ಅಂದು ಯಜಮಾನರು ಇನ್ನೂ ಸೋತಿರಲಿಲ್ಲ. ಪಟ್ಟಿ ಕಿರ್ರೆಂದು ನಾಲ್ಕು ಬೆರಳು ಇಳಿದು ಭಾವನವರ ಪಟಗಾವನ್ನು ಕಣ್ಣಿನವರೆಗೆ ಒತ್ತಿ ಕೂರಿಸಿತು.

"ಏ, ಇಬ್ಬರಾಗ ಯಾರರ ಒಬ್ಬರು ಸೋಲ್ರೋ!" ಎಂದು ಮುಂಬದಿಯಿಂದ ಆಯಿ ಕೂಗಿದಳು. "ಮನಿ ಬೀಳತೈತಿ!"

ನನ್ನ ಕೈಯಲ್ಲಿ ಹಾಲಿನ ಪಾತ್ರೆ ಹಾಗೇ ಇತ್ತು. ಜಗಲಿಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ಭಾವನವರ, ಕುಂಡ್ರಿ," ಎಂದೆ. ಅವರ ಎದುರು ನಾನು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಇಬ್ಬರೂ ಬೆಚ್ಚಿ ಕೂತರು.

"ಅವತ್ತ ಸಂಜಿಗೆ ಹಿಂದಿನ ಓಣ್ಯಾಗ ದೊಂಬರು ಬಂದಿದ್ರು. ಹಗ್ಗದ ಮ್ಯಾಲ ಒಂದು ಹುಡುಗಿ ನಡೀತಾಳ ಅಂತ ಕೇಳಿದ್ದೆ. ನೀವಿಬ್ಬರೂ ಹೋದ ಮ್ಯಾಲ ನಾ ಅಗಳಿ ತಗದು ಹಿತ್ತಲಾಸಿ ಹೋದೆ. ಬರೂ ಮುಂದ ಮಂದೀ ಕೂಡ ಮುಂದಿನ ಬಾಗಲದಿಂದ ಬಂದೆ. ಅಗಳಿ ಮರತೆ."

ಯಜಮಾನರು ತಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮತ್ತ… ಇಷ್ಟ ವರ್ಷ?" ಎಂದರು ಯಜಮಾನರು.

"ನೀವಿಬ್ಬರೂ ಒಬ್ಬರಿಗೊಬ್ಬರು ಕೇಳಿದ್ರಿ. ನನಗ ಯಾರೂ ಕೇಳಲಿಲ್ಲ," ಎಂದೆ. ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು. "ಹೆದರಿದ್ದೆ. ಆಮ್ಯಾಲೆ ಮಾವನವರ ಲೋಟ ನೋಡಿ ಇನ್ನೂ ಹೆದರಿದೆ. ತಪ್ಪು ನಂದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆದ್ದವರ ಕಳೆ ಇಬ್ಬರಲ್ಲೂ ಇರಲಿಲ್ಲ, ಸೋತವರದೂ ಅಲ್ಲ. ಭಾವನವರು ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಕೇಳಿದರು: "ನಡದಳೇನವಾ, ಆ ಹುಡುಗಿ? ಹಗ್ಗದ ಮ್ಯಾಲ?"

"ನಡದಳ್ರಿ. ಈ ತುದಿಯಿಂದ ಆ ತುದಿ ತನಕ. ಬೀಳಲಿಲ್ಲ."

ಆಯಿ ಬಾಗಿಲಿಗೆ ಬಂದು ನಿಂತಿದ್ದಳು. ಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡಿ, ನನ್ನನ್ನು ನೋಡಿದಳು. "ಇದು ಚಟ ಅಲ್ಲ, ತಂಗಿ," ಎಂದಷ್ಟೇ ಹೇಳಿ ತನ್ನ ಹುಣಸೆಹಣ್ಣಿನ ಕಡೆ ಹೋದಳು.

ನಾನು ಕೂತು, ಮೊದಲು ಭಾವನವರ ಲೋಟಕ್ಕೆ, ಆಮೇಲೆ ಯಜಮಾನರ ಲೋಟಕ್ಕೆ ಹಾಲು ಸುರಿದೆ. ಇಬ್ಬರೂ ಬೇಡ ಅನ್ನಲಿಲ್ಲ. ಪಾತ್ರೆಯಲ್ಲಿ ಇನ್ನೂ ಒಂದು ಲೋಟದಷ್ಟು ಹಾಲು ಉಳಿಯಿತು. ಅದನ್ನು ತಣಿಸಿ ಜಗಲಿಯ ಮೇಲೆ, ನಂದಿಯ ಪಕ್ಕದಲ್ಲಿ, ಮಾವನವರ ಹೆಸರಿನಲ್ಲಿ ಇಟ್ಟೆ.